ಸಾವಕಾರರ ಸೀಟಿನ ಕೆಳಗಿನ ಜಾಲಿ ತುಂಡು

ಗುಂಡಪ್ಪ ಸಾವಕಾರರ ಹಳೇ ಲಾರಿಗೆ ತುಳಜಾರಾಮನೇ ಡ್ರೈವರ್, ಅವನೇ ಮೇಸ್ತ್ರಿ. ಬಸವಕಲ್ಯಾಣಕ್ಕೆ ಎಲ್ಲರೂ ಇನ್ನೂ ಕಲ್ಯಾಣಿ ಎನ್ನುತ್ತಿದ್ದ ಕಾಲ ಅದು. ಮಹಾಯುದ್ಧದ ದೆಸೆಯಿಂದ ಹೈದರಾಬಾದಿನಲ್ಲಿ ಲಾರಿಯ ಸಾಮಾನು ಸಿಗುವುದು ನಿಂತುಹೋಗಿತ್ತು. ಏನು ಮುರಿದರೂ ತುಳಜಾರಾಮನೇ ಬಡಿದು, ಬಿಗಿದು, ಕಟ್ಟಿ ಓಡಿಸಬೇಕು. ಕಲ್ಯಾಣಿಯ ತೊಗರಿಯನ್ನು ಹುಮನಾಬಾದಿನ ಸಂತೆಗೆ ಮುಟ್ಟಿಸುವುದು ಅವನ ಕೆಲಸ. ಬಲಗಡೆ ಅವನು, ಎಡಗಡೆ ಸಾವಕಾರರು, ನಡುವೆ ಇನ್ನೊಬ್ಬರು ಆರಾಮಾಗಿ ಕೂರುವಷ್ಟು ಜಾಗದಲ್ಲಿ ಸಾವಕಾರರ ಎಲೆ-ಅಡಿಕೆಯ ಪಾನದಾನ.

ಆ ಪಾನದಾನದಿಂದಲೇ ಎಲ್ಲ ಶುರುವಾದದ್ದು. ಒಂದು ಬೇಸಿಗೆಯಲ್ಲಿ ತುಳಜಾರಾಮನ ತಾಯಿ ಮುಕ್ತಾಬಾಯಿಗೆ ಜ್ವರ ಏರಿ ಮೈಮೇಲಿನ ಎಚ್ಚರ ತಪ್ಪಿತು. ಹುಮನಾಬಾದಿನ ದವಾಖಾನೆಗೆ ಒಯ್ಯಬೇಕೆಂದು ಅವಳನ್ನು ಎರಡು ತೋಳಲ್ಲಿ ಎತ್ತಿಕೊಂಡು ಲಾರಿಯ ಹತ್ತಿರ ಬಂದ.

"ಸಾವಕಾರ್ರ, ಅವ್ವನ್ನ ನಡುವ ಕೂಡಸ್ತೀನ್ರಿ. ಹಿಂದ ಭಾಳ ಎತ್ತಿ ಒಗಿತದ."

"ಪಾನದಾನ ಅದ, ಕಾಣಸಲ್ಲೇನು? ಮುದುಕಿ ಕಾರಿಕೊಂಡ್ರ ಗಾದಿ ಹೊಲಸಾಗ್ತದ. ಚೀಲದ ಮ್ಯಾಲ ಮಲಗಸು. ಜಲ್ದಿ ಹೊಡಿ, ಸಂತಿ ಮುಗೀತದ."

ಜಲ್ದಿ ಹೊಡೆದ. ಅದೇ ಅವನು ಮಾಡಿದ ತಪ್ಪು, ಆದರೆ ಉಪ್ಪು ತಿಂದ ಮನೆಯ ಮಾತು ಮೀರಿ ಅವನಿಗೆ ರೂಢಿಯಿರಲಿಲ್ಲ. ದಾರಿಯುದ್ದಕ್ಕೂ ಹಿಂದಿನಿಂದ ನರಳಾಟ ಕೇಳುತ್ತಿತ್ತು. ಹಳ್ಳ ದಾಟಿದ ಮೇಲೆ ಅದೂ ನಿಂತಿತು. ಹುಮನಾಬಾದಿನಲ್ಲಿ ಸಾವಕಾರರು ಮೊದಲು ಮಾಲು ಇಳಿಸಿರೆಂದರು. ಹಮಾಲರು ಹೆಣವನ್ನು ಬದಿಗೆ ಸರಿಸಿ ತೊಗರಿ ಚೀಲ ಹೊತ್ತರು.

ಈ ಮನುಷ್ಯನ ನಡು ಮುರಿಯಬೇಕೆಂದು ತುಳಜಾರಾಮ ಅವತ್ತೇ ನಿಶ್ಚಯ ಮಾಡಿದ. ಬಡಿಗೆ ಎತ್ತಿದ್ದರೆ ಒಂದೇ ದಿನಕ್ಕೆ ಮುಗಿದುಹೋಗುತ್ತಿತ್ತು. ಅಷ್ಟು ಬೇಗ ಮುಗಿಯುವುದು ಅವನಿಗೆ ಬೇಕಿರಲಿಲ್ಲ.

ಮಳೆಗಾಲದಲ್ಲಿ ದೇವರೇ ದಾರಿ ತೋರಿಸಿದ. ಘಾಟಬೋರಾಳದ ಹತ್ತಿರ ಲಾರಿಯ ಮುಂದಿನ ಎಡಗಡೆಯ ಕಮಾನು ಮುರಿಯಿತು. ಕಮಾನು ಎಂದರೆ ಒಂದರ ಮೇಲೊಂದು ಪೇರಿಸಿದ ಬಾಗಿದ ಉಕ್ಕಿನ ಪಟ್ಟಿಗಳು. ಗಾಲಿಗೆ ಬಿದ್ದ ಪೆಟ್ಟನ್ನು ಅವು ತಾವು ತಿಂದು, ಮೇಲೆ ಕೂತವರನ್ನು ಕಾಯುತ್ತವೆ. ತುಳಜಾರಾಮ ಮರದ ದಿಮ್ಮಿ ಮೀಟಿ ಲಾರಿಯ ಮೂತಿ ಎತ್ತಿದ, ಕೆಳಗೆ ಕಲ್ಲು ಪೇರಿಸಿದ, ಮುರಿದದ್ದು ಒಂದೇ ಆದರೂ ಎರಡೂ ಕಡೆ ಬಿಚ್ಚಿದ. ಒಳ್ಳೊಳ್ಳೆಯ ಪಟ್ಟಿಗಳನ್ನೆಲ್ಲ ಆರಿಸಿ, ತುಕ್ಕು ಉಜ್ಜಿ, ಹರಳೆಣ್ಣೆ ಹಚ್ಚಿ ಬಲಗಡೆ ತನ್ನ ಕೆಳಗೆ ಕೂಡಿಸಿಕೊಂಡ. ಎಡಗಡೆಗೆ ಉಳಿದದ್ದು ಸೋತ ಪಟ್ಟಿಗಳು. ಅವುಗಳ ಮೇಲೆ, ಅಚ್ಚಿಗೂ ಲಾರಿಯ ಮೈಗೂ ನಡುವೆ, ಒಂದು ಜಾಲಿ ಮರದ ತುಂಡು ಬಡಿದು ತುರುಕಿ ಹಸಿ ತೊಗಲಿನಿಂದ ಬಿಗಿದ. ಬಂಡಿಗಾಲಿಯ ನಡುವಿನ ಗುಂಬಕ್ಕೆಂದು ಒಣಗಿಸಿಟ್ಟ ಆ ತುಂಡನ್ನು ಕೊಟ್ಟವನು ಆ ಊರಿನ ಬಡಿಗ ಮಡೆಪ್ಪ. ತೊಗಲು ಒಣಗಿದಂತೆ ಕಟ್ಟು ಕಬ್ಬಿಣದಂತೆ ಬಿಗಿಯಿತು.

"ಇಷ್ಟು ಗಟ್ಟಿ ಕೂಡಿಸಿದ್ರ ಕಮಾನು ಬಾಗೂದು ಹ್ಯಾಂಗೋ?" ಎಂದ ಮಡೆಪ್ಪ.

"ಬಾಗಬಾರ್ದು ಅಂತನ ಕೂಡ್ಸಾಕತ್ತೇನಿ."

ಅಲ್ಲಿಂದ ಸಾವಕಾರರ ಭೋಗ ಶುರುವಾಯಿತು. ಎಡಗಾಲಿ ಕಲ್ಲು ಹತ್ತಿದರೆ ಅವರ ತಲೆ ಮೇಲಿನ ಹಲಗೆಗೆ, ಕುಣಿಗೆ ಇಳಿದರೆ ನಡು ಪಾತಾಳಕ್ಕೆ. ಪೆಟ್ಟಿನಲ್ಲಿ ಅಷ್ಟಿಷ್ಟು ಪಾಲು ತುಳಜಾರಾಮನಿಗೂ ಬರುತ್ತಿತ್ತು, ಅವನಿಗದು ಹಿತವಾಗಿಯೇ ಇತ್ತು. ರಸ್ತೆಯ ಎಡಮಗ್ಗುಲಿನ ಕುಣಿಗಳೆಲ್ಲ ಅವನಿಗೆ ನೆಂಟರಾದವು, ಒಂದನ್ನೂ ಮಾತಾಡಿಸದೆ ಮುಂದೆ ಹೋಗುತ್ತಿರಲಿಲ್ಲ. ಸಾವಕಾರರು ಗಾದಿಯ ಮೇಲೆ ಗಾದಿ ಹಾಕಿಸಿದರು, ಎಣ್ಣೆ ತಿಕ್ಕಿಸಿಕೊಂಡರು, ಹರಕೆ ಹೊತ್ತರು. "ಏನ್ ಮಾಡೂದ್ರಿ, ಲಡಾಯಿ ಮುಗೀಲಿ, ಹೊಸಾ ಕಮಾನು ತರ್ಸೋಣ್ರಿ," ಎಂದು ತುಳಜಾರಾಮ ಕೈ ಮುಗಿಯುತ್ತಿದ್ದ. ಇಂಥ ಕಾಲದಲ್ಲೂ ಗಾಡಿ ನಿಲ್ಲಿಸದ ನಂಬಿಗಸ್ತ ಎಂದು ಸಾವಕಾರರು ಊರೆಲ್ಲ ಅವನನ್ನು ಹೊಗಳಿಕೊಂಡು ತಿರುಗಿದರು.

ಆ ಹೊಗಳಿಕೆ ತುಳಜಾರಾಮನಿಗೆ ಬೇಕಿರಲಿಲ್ಲ. ನರಳುವುದಷ್ಟೇ ಸಾಲದು, ಯಾಕೆ ನರಳುತ್ತಿದ್ದೇನೆಂದು ಸಾವಕಾರರಿಗೆ ತಿಳಿಯಬೇಕು.

"ಆ ನೌಕ್ರಿ ಬಿಡ್ರಿ," ಎಂದಳು ಹೆಂಡತಿ ಜಿಜಾಬಾಯಿ. "ಉಣ್ಣಾಗೂ ಹಲ್ಲು ಕಡೀತೀರಿ, ಮಲಗಿದಾಗೂ ಹಲ್ಲು ಕಡೀತೀರಿ."

"ನಾ ಬಿಟ್ರ ಇನ್ನೊಬ್ಬ ಬಂದು ಆ ತುಂಡು ಕಿತ್ತು ಒಗಿತಾನ," ಎಂದ.

ಯುದ್ಧ ಮುಗಿಯಿತು. ಹೊಸ ಕಮಾನು ಬರುವ ಮೊದಲೇ ಒಂದು ಬೆಳಿಗ್ಗೆ ಸಾವಕಾರರ ನಡು ಹಿಡಿದುಕೊಂಡಿತು. ಕೂರಲಾಗದು, ನಿಲ್ಲಲಾಗದು, ಮಲಗಿದರೆ ಮಾತ್ರ ಜೀವ. ಅವರ ಮಗ ಸೊಲ್ಲಾಪುರಕ್ಕೆ ಹೋಗಿದ್ದ. ಹಮಾಲರು ಅವರನ್ನು ಎತ್ತಿ ಲಾರಿಯ ಹಿಂದೆ ತೊಗರಿ ಚೀಲಗಳ ಮೇಲೆ ಮಲಗಿಸಿ, ದವಾಖಾನೆಗೆ ಹೊಡಿ ಎಂದರು.

ಹಳ್ಳ ದಾಟಿದ ಕೂಡಲೇ ತುಳಜಾರಾಮ ಲಾರಿ ನಿಲ್ಲಿಸಿ ಹಿಂದೆ ಹತ್ತಿದ.

"ಸಾವಕಾರ್ರ, ನಿಮ್ಮ ನಡು ಮುರಿದಾಂವ ನಾ. ನಿಮ್ಮ ಸೀಟಿನ ಕೆಳಗ ಜಾಲಿ ತುಂಡು ಇಟ್ಟಾಂವ ನಾ. ನಮ್ಮವ್ವನ ಸಲುವಾಗಿ ಇಟ್ಟೇನಿ. ಹಿಂಗ ಚೀಲದ ಮ್ಯಾಲ ಮಲಗಿಸಿ ಕೊಂದ್ರಲ್ಲ, ಆ ಮುದುಕಿ ಸಲುವಾಗಿ."

ಸಾವಕಾರರು ನೋವಿನಲ್ಲೇ ಹುಬ್ಬು ಗಂಟಿಕ್ಕಿದರು. ನೆನಪು ಮಾಡಿಕೊಳ್ಳಲು ನಿಜವಾಗಿಯೂ ಒದ್ದಾಡಿದರು.

"ಯಾವ ಮುದುಕಿನೋ?"

ಇಷ್ಟು ವರ್ಷ ತುಳಜಾರಾಮ ತಾನೊಬ್ಬನೇ ಹಲ್ಲು ಕಡಿದಿದ್ದ. ಈತನಿಗೆ ಆ ಬೇಸಿಗೆಯ ನೆನಪೇ ಇಲ್ಲ. ಒಮ್ಮೆಲೇ ಸಿಟ್ಟು ನೆತ್ತಿಗೇರಿತು. ಚೀಲದ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಅವರ ಕಿವಿಗೆ ಬಾಯಿ ತಂದ.

"ಮುಕ್ತಾಬಾಯಿ ಅಂತ ಆಕೀ ಹೆಸರು. ಅನ್ರಿ. ಅಂದ್ರಷ್ಟೇ ಗಾಡಿ ಮುಂದ ಹೋಗ್ತದ."

"ನಿನಗ ಹುಚ್ಚು ಹಿಡದದೇನೋ?"

ತುಳಜಾರಾಮ ಇಳಿದು ಗಿಡದ ನೆರಳಲ್ಲಿ ಬೀಡಿ ಹಚ್ಚಿಕೊಂಡು ಕೂತ. ಬಿಸಿಲು ಏರಿತು. ಕೊನೆಗೆ ಹಿಂದಿನಿಂದ ಸಣ್ಣ ದನಿ ಬಂತು: "ಮುಕ್ತಾಬಾಯಿ."

ಲಾರಿ ಹೊರಟಿತು. ಮುಂದಿನ ಕುಣಿ ಬಂದಾಗ ಮತ್ತೆ ನಿಂತಿತು. ಮತ್ತೆ ಹೆಸರು. ಕುಣಿಗೊಮ್ಮೆ ನಿಲ್ಲಿಸಿದ, ಕುಣಿಗೊಮ್ಮೆ ಹೇಳಿಸಿದ. ಆ ರಸ್ತೆಯಲ್ಲಿ ಕುಣಿಗಳಿಗೇನು ಬರವೇ? ಅರ್ಧ ದಾರಿ ದಾಟುವಷ್ಟರಲ್ಲಿ ಲಾರಿ ನಿಲ್ಲಿಸುವ ಗರಜೂ ಉಳಿಯಲಿಲ್ಲ. ಗಾಲಿ ಧಡ್ ಎಂದರೆ ಸಾಕು, ಹಿಂದಿನಿಂದ ಹೆಸರು ತಾನಾಗಿ ಕೇಳಿಬರುತ್ತಿತ್ತು.

ದವಾಖಾನೆಯಲ್ಲಿ ನಾಲ್ಕು ಮಂದಿ ಸೇರಿ ಸಾವಕಾರರನ್ನು ಇಳಿಸಿ ಮಂಚದ ಮೇಲೆ ಹಾಕಿದರು. ಕಂಪೌಂಡರ್ ಬಗ್ಗಿ ಅವರ ಭುಜ ಅಲುಗಿಸಿ, "ನಿಮ್ಮ ಹೆಸರೇನ್ರಿ?" ಎಂದು ಕೇಳಿದ.

ಸಾವಕಾರರು ಕಣ್ಣು ತೆರೆಯಲಿಲ್ಲ.

"ಮುಕ್ತಾಬಾಯಿ," ಎಂದರು.