ತಳ ನೋಡುತ್ತಿದ್ದ ಪುಟ್ಟಮಾದಣ್ಣ

ಸಿಂಚನಾ, ಧನುಷ್, ಪುಟ್ಟಮಾದಣ್ಣನನ್ನು ನಾನು ಮೊದಲ ಸಲ ನೋಡಿದಾಗ ಕಂಡದ್ದು ಅವರ ಎರಡು ಪಾದಗಳು ಮಾತ್ರ. ಉಳಿದ ಮನುಷ್ಯ ಕಬ್ಬು ಸಾಗಿಸುವ ಟ್ರೈಲರಿನ ಅಡಿಯಲ್ಲಿದ್ದರು. ನಿಮ್ಮ ತಾತ "ಮಾದಣ್ಣಾ" ಎಂದು ಕೂಗಿದರು. "ಇರಿ ಸಾ, ತಳ ನೋಡ್ತಾ ಇವ್ನಿ" ಎಂದು ಅಡಿಯಿಂದ ಉತ್ತರ ಬಂತು. ಬಿಸಿಲಲ್ಲಿ ಕಾಲು ಗಂಟೆ ನಿಂತೆವು. ಆಮೇಲೆ ಅವರು ಗೋಣಿಚೀಲದ ಮೇಲೆ ಬೆನ್ನು ಜಾರಿಸಿಕೊಂಡು ಹೊರಬಂದರು. ನನ್ನನ್ನು ಕಂಡ ಕೂಡಲೇ ತಲೆಗೆ ಕಟ್ಟಿದ್ದ ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡರು.

ಅವರ ಶೆಡ್ಡು ಇದ್ದದ್ದು ನಂಜನಗೂಡಿನಲ್ಲಿ, ಕಾರ್ಖಾನೆಗಳ ಕಡೆ ಹೋಗುವ ರಸ್ತೆಯಲ್ಲಿ. ಮೊದಲು ಒಂದು ಕಾರ್ಖಾನೆಯಲ್ಲಿ ವೆಲ್ಡರ್ ಆಗಿದ್ದವರು, ಆಮೇಲೆ ಸ್ವಂತಕ್ಕೆ ಟ್ರಾಕ್ಟರ್ ಟ್ರೈಲರ್ ಮಾಡಿಕೊಡುತ್ತಿದ್ದರು. ಒಣಕಲು ಮೈ, ಕೈತುಂಬ ಕಿಡಿ ಸಿಡಿದ ಕಪ್ಪು ಚುಕ್ಕೆ. ಯಾರು ಯಾವ ಗಾಡಿ ತಂದರೂ ಮೊದಲು ಅಂಗಾತ ಮಲಗಿ ಅದರ ತಳ ನೋಡಬೇಕು. ಮಾತುಕತೆ, ಟೀ, ಎಲ್ಲ ಆಮೇಲೆ. "ಮ್ಯಾಗ್ಲ ಚೆಂದ ನೋಡಾಕೆ ನೀವೆಲ್ಲ ಇದ್ದೀರಿ. ತಳ ನೋಡಾಕೆ ಯಾರವ್ರೆ?" ಎನ್ನುತ್ತಿದ್ದರು.

ನಾವು ಅವರ ಬಳಿ ಹೋದದ್ದು ಏಕೆಂದರೆ, ನಿಮ್ಮ ತಾತ ನೀರಾವರಿ ಇಲಾಖೆಯಲ್ಲಿ ಇಡೀ ಸರ್ವೀಸು ಜೀಪು ಓಡಿಸಿದವರು. ಸಾಹೇಬರನ್ನು ಕೂರಿಸಿಕೊಂಡು ಊರೂರು ತಿರುಗಿದರು, ನನ್ನನ್ನು ಕರೆದುಕೊಂಡು ಎಲ್ಲಿಗೂ ಹೋಗಲಿಲ್ಲ. ರಿಟೈರ್ ಆದ ಮೇಲೆ ಹಳೆಯ ಜೀಪೊಂದನ್ನು ತೆಗೆದುಕೊಂಡು, "ಇನ್ನು ಒಂದು ವರ್ಷ ನಾವಿಬ್ಬರೇ ದೇಶ ಸುತ್ತೋಣ" ಎಂದರು. ನಾನು ಒಲ್ಲೆ ಎಂದೆ. ಕಾರಣ ಹೇಳಲು ನಾಚಿಕೆ. ಬರೆಯಲೂ ನಾಚಿಕೆಯೇ, ಆದರೂ ಬರೆಯುತ್ತೇನೆ. ದೂರದ ದಾರಿಯಲ್ಲಿ ಹೆಂಗಸರಿಗೆ ಹೋಗಲು ಜಾಗ ಇರುವುದಿಲ್ಲ. ಬಸ್ಸು ಹತ್ತಬೇಕಾದ ದಿನ ನಾನು ನೀರೇ ಕುಡಿಯುತ್ತಿರಲಿಲ್ಲ. ಒಮ್ಮೆ ಯಾತ್ರೆಗೆ ಹೋದಾಗ ಹೀಗೇ ತಡೆದುಕೊಂಡು, ಜ್ವರ ಬಂದು ಆಸ್ಪತ್ರೆ ಸೇರಿದ್ದೆ. ಅದನ್ನು ನೆನೆದೇ ತಾತ ಹೇಳಿದರು: "ಹಾಗಾದರೆ ಮನೆಯನ್ನೇ ಜೀಪಿಗೆ ಕಟ್ಟಿಕೊಂಡು ಹೋಗೋಣ." ಕ್ಯಾಂಪರ್ ಟ್ರೈಲರ್ ಅಂತ ಸಿಗುತ್ತದಂತೆ. ಒಳಗೇ ಹಾಸಿಗೆ, ಒಲೆ, ಕಕ್ಕಸಿರುವ ಬಚ್ಚಲು. ಗಾಡಿ ನಂಬುವ ಹಾಗಿದ್ದರೆ ಬರುತ್ತೇನೆ ಎಂದೆ. ಇಲ್ಲದಿದ್ದರೆ ನಾನು ಹೊಸ್ತಿಲು ದಾಟುವವಳಲ್ಲ.

ಮೈಸೂರಿನ ಹೊರಗೆ ಒಬ್ಬರು ಇಂಥವನ್ನು ಮಾರುತ್ತಿದ್ದರು. ಅಲ್ಲಿಗೆ ಪುಟ್ಟಮಾದಣ್ಣನನ್ನೂ ಕರೆದುಕೊಂಡು ಹೋದೆವು. ಹಂಸದಂತೆ ಬೆಳ್ಳಗಿದ್ದ ಗಾಡಿ. ಒಳಗೆ ಟಿವಿ, ನೀಲಿ ದೀಪ, ಮೆತ್ತನೆಯ ಸೋಫಾ. ತಾತನ ಕಣ್ಣು ಅರಳಿಹೋಯಿತು. ಮಾರುವ ಹುಡುಗ ಒಂದೊಂದೇ ಗುಂಡಿ ಒತ್ತಿ ತೋರಿಸುತ್ತಿದ್ದ. ಪುಟ್ಟಮಾದಣ್ಣ ಒಗೆದ ಬಿಳಿ ಅಂಗಿಯಲ್ಲೇ ನೆಲದ ಮೇಲೆ ಮಲಗಿ ಅಡಿಗೆ ಸೇರಿಕೊಂಡರು. ಸ್ಪ್ಯಾನರಿನಿಂದ ಕುಟ್ಟುವ ಸದ್ದು ಕೇಳಿಸುತ್ತಿತ್ತು.

"ಅಂಕಲ್, ಇದು ಆಫ್ ರೋಡ್ ಮಾಡೆಲ್. ಎಂಥಾ ದಾರೀಲಾದ್ರೂ ಹೋಗುತ್ತೆ" ಎಂದ ಹುಡುಗ.

"ಓಗಾದು ಓಯ್ತದೆ ಕಣಪ್ಪ. ವಾಪಸ್ ಬತ್ತದಾ ಅಂತ ನೋಡ್ತಾ ಇವ್ನಿ."

ಹೊರಗೆ ಬಂದು ತಾತನಿಗೆ ಹೇಳಿದರು: "ಬ್ಯಾಡ ಸಾ. ಗಾಲಿ ಅಚ್ಚು ಸಣ್ಣದು. ಬೆಸುಗೆ ಸರಿ ಇಲ್ದೆ ಮ್ಯಾಲೆ ಪುಟ್ಟಿ ಮೆತ್ತಿ ಬಣ್ಣ ಒಡ್ದವ್ರೆ. ಇದ್ರ ಟೈರು ನಿಮ್ ಜೀಪಿಗೆ ಆಗಾಕಿಲ್ಲ, ಜೀಪಿಂದು ಇದ್ಕೆ ಆಗಾಕಿಲ್ಲ. ಕಾಡ್ನಲ್ಲಿ ಒಡ್ದೋದ್ರೆ ಏನ್ ಮಾಡೀರಿ? ಟಿವಿ ಕೆಟ್ರೆ ಯಾರೂ ಸಾಯಾಕಿಲ್ಲ."

ತಾತನ ಮುಖ ಕೆಂಪಾಯಿತು. ಆ ಹುಡುಗನ ಎದುರಿಗೇ "ನಿನಗೇನಯ್ಯಾ ಗೊತ್ತು, ಕಬ್ಬಿನ ಗಾಡಿ ಮಾಡೋನಿಗೆ" ಎಂದುಬಿಟ್ಟರು. ಪುಟ್ಟಮಾದಣ್ಣ ಅಂಗಿಯ ಮಣ್ಣು ಕೊಡವಿಕೊಂಡರು. ನನ್ನ ಕಡೆ ತಿರುಗಿ, "ಅವ್ವಾ, ಬಚ್ಚಲು ಚಿಲ್ಕ ಎಳ್ದು ನೋಡುದ್ರಲ್ಲ, ಎಂಗಿತ್ತು?" ಎಂದು ಕೇಳಿದರು. "ಸಡ್ಲ ಅದೆ. ನಾನೂ ನೋಡ್ದೆ" ಎಂದು ಅವರೇ ಹೇಳಿದರು. ನನಗೇನು ಬೇಕು ಎಂದು ಅವತ್ತಿನವರೆಗೆ ಯಾರೂ ಕೇಳಿರಲಿಲ್ಲ. ಗಾಡಿ ಕೊಳ್ಳದೆಯೇ ಕಪಿಲಾ ಸೇತುವೆ ದಾಟಿ ವಾಪಸ್ ಬಂದೆವು.

ತಿಂಗಳ ಮೇಲೆ ಇನ್ನೊಂದು ಗಾಡಿಯ ಸುದ್ದಿ ಬಂತು. ಮೈಸೂರಿನ ವಯಸ್ಸಾದ ದಂಪತಿ ಬಳಸಿ ಮಾರುತ್ತಿದ್ದದ್ದು. ಬೂದಿ ಬಣ್ಣ, ಟಿವಿ ಇಲ್ಲ, ನೋಡಲು ಚೆಂದವೂ ಇಲ್ಲ. ಪುಟ್ಟಮಾದಣ್ಣ ಅದರಡಿಗೆ ಹೋದವರು ಬೇಗ ಈಚೆಗೆ ಬರಲೇ ಇಲ್ಲ. ಬಂದಾಗ ಮುಖದಲ್ಲಿ ನಗು ಇತ್ತು. ಅಚ್ಚು ದಪ್ಪ, ಟೈರು ಜೀಪಿನ ಅಳತೆಯದೇ, ನೀರಿನ ತೊಟ್ಟಿ ಸರಿಯಾಗಿ ಅಚ್ಚಿನ ಮೇಲೆ ಕೂತಿದೆ, ಕಲ್ಲು ತಗುಲದಷ್ಟು ಎತ್ತರವಿದೆ. ಆದರೂ ಒಪ್ಪಲಿಲ್ಲ. ಆ ದಂಪತಿಯನ್ನು ಕೇಳಿ ಗಾಡಿಯನ್ನು ಒಂದು ದಿನದ ಮಟ್ಟಿಗೆ ತಂದು, ಒಗೆದ ಬಿಳಿ ಪಂಚೆಯೊಂದನ್ನು ಹಾಸಿಗೆಯ ಮೇಲೆ ಹರಡಿ, ಬಾಗಿಲು ಕಿಟಕಿ ಹಾಕಿ, ನಾಲೆ ಏರಿಯ ಮಣ್ಣುದಾರಿಯಲ್ಲಿ ಮೂರು ಸಲ ಓಡಿಸಿದರು. ಆಮೇಲೆ ಬಾಗಿಲು ತೆಗೆದು ನನ್ನನ್ನೇ ಒಳಗೆ ಕಳಿಸಿದರು. ಪಂಚೆಯ ಅಂಚಿನಲ್ಲಿ, ಕಿಟಕಿಯ ಕೆಳಗೆ, ಬೆರಳಗಲ ಕೆಂಪು ಧೂಳು. "ಅಷ್ಟೇನಾ? ಕಿಟ್ಕಿ ರಬ್ಬರ್ ಬದ್ಲಾಯಿಸ್ತೀನಿ. ತಕ್ಕಳಿ ಸಾ" ಎಂದರು.

ಬಚ್ಚಲ ಬಾಗಿಲಿಗೆ ಒಳಗಿನಿಂದ ಹೆಬ್ಬೆರಳು ದಪ್ಪದ ಚಿಲಕವನ್ನು ಯಾರೂ ಹೇಳದೆ ತಾವೇ ಹಾಕಿಕೊಟ್ಟರು. ಜೀಪಿಗೆ ಸೇರಿಸುವ ಕೊಂಡಿ ಹಳೆಯದಾಗಿತ್ತೆಂದು ಹೊಸದನ್ನು ಬೆಸೆದರು. ಕೊಂಡಿಯ ಹಿಡಿ ಮೇಲೇಳದಂತೆ ಅದರ ತೂತಿಗೆ ಒಂದು ಕಬ್ಬಿಣದ ಪಿನ್ನು. ಅದನ್ನು ಕೈಯಾರೆ ಉಜ್ಜಿ ಮಾಡಿದ್ದರು. ಅದರ ಜೊತೆಗೆ ಜೀಪಿಗೂ ಗಾಡಿಗೂ ಒಂದು ದಪ್ಪ ಸರಪಳಿ ಕಟ್ಟಿದಾಗ ತಾತ ನಕ್ಕರು. "ಏನಯ್ಯಾ, ನಾಯಿಗೆ ಕಟ್ಟಿದ ಹಾಗೆ ಕಟ್ತಿದೀಯ?"

"ಇರ್ಲಿ ಬುಡಿ ಸಾ. ನಾಯಿ ಕಚ್ಚಾಕಿಲ್ಲ ಅಂದ್ರೂ ಕಟ್ತೀವಲ್ಲ."

ಮೊದಲ ಪ್ರಯಾಣ ಸೋಸಲೆಯ ನನ್ನ ನಾದಿನಿಯ ಮನೆಗೆ ಎಂದು ಗೊತ್ತಾಯಿತು. ಹಿಂದಿನ ಸಂಜೆ ಪುಟ್ಟಮಾದಣ್ಣ ಬಂದು, ಗಾಡಿಯನ್ನು ಜೀಪಿಗೆ ಸೇರಿಸಿ ಪಿನ್ನು ಹಾಕಿ ಹೋದರು. ಬೆಳಿಗ್ಗೆ ನಾನು ಪೂಜೆಗೆ ನಿಂತೆ. ಗಾಲಿಗಳಿಗೆ ನಿಂಬೆಹಣ್ಣು ಇಟ್ಟೆ, ಅರಿಶಿನ ಕುಂಕುಮ ಹಚ್ಚಿದೆ, ಕೊಂಡಿ ಮುಚ್ಚುವಷ್ಟು ದಪ್ಪ ಸೇವಂತಿಗೆ ಹಾರ ಕಟ್ಟಿದೆ. ಪುಟ್ಟಮಾದಣ್ಣ ಬಂದು ಜೀಪಿನ ಹಿಂದಿನ ಸೀಟಿನಲ್ಲಿ ಗಾಡಿಯ ಕಡೆಗೇ ಮುಖಮಾಡಿ ಕೂತರು. ಹೊರಟೆವು.

ತಿ. ನರಸೀಪುರ ದಾಟಿ ನಾಲೆಯ ಏರಿ ಹತ್ತುವಾಗ "ನಿಲ್ಸಿ ಸಾ! ಬಿಟ್ಕತು!" ಎಂದು ಪುಟ್ಟಮಾದಣ್ಣ ಚೀರಿದರು. ತಿರುಗಿ ನೋಡಿದೆ. ನಮ್ಮ ಮನೆ ನಮ್ಮಿಂದ ಕಳಚಿ ಹಿಂದಕ್ಕೆ ಉರುಳುತ್ತಿತ್ತು. ಅದರ ಹಿಂದೆ, ಇಳಿಜಾರಿನಲ್ಲಿ, ಒಬ್ಬ ಮುದುಕಿ ಮೇಕೆಗಳನ್ನು ಹೊಡೆದುಕೊಂಡು ಬರುತ್ತಿದ್ದಳು. ಸರಪಳಿ ಬಿಗಿದು ಜೀಪು ಒಮ್ಮೆ ಜಗ್ಗಿತು. ಗಾಡಿಯ ಮೂತಿ ನೆಲಕ್ಕೆ ಬಿದ್ದು, ಮಣ್ಣು ಗೀರಿ, ನಿಂತಿತು. ಮುದುಕಿಗೂ ಗಾಡಿಗೂ ನಡುವೆ ಒಂದು ಮೇಕೆ ನಿಲ್ಲುವಷ್ಟು ಜಾಗ ಇತ್ತು.

"ಮನೇಲಿ ಇರಾಕಾಗ್ದಿದ್ರೆ ಮನೇನೇ ತಂದು ನನ್ ಮೈಮ್ಯಾಲೆ ತಳ್ತೀರೇನ್ಲಾ!" ಎಂದು ಮುದುಕಿ ಬೈದಳು. ಯಾರಿಗೂ ನಗು ಬರಲಿಲ್ಲ.

ಪುಟ್ಟಮಾದಣ್ಣ ಕೊಂಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು. ಏನು ಕೆಟ್ಟರೂ ಅವರು ಮೊದಲು ಕೇಳುವ ಪ್ರಶ್ನೆ ಒಂದೇ. ಅವತ್ತೂ ಕೇಳಿದರು. "ಕೊನೇಲಿ ಇದ್ರ ಮ್ಯಾಲೆ ಕೈ ಇಟ್ಟೋರ್ ಯಾರು?"

"ನೀನೇ ಅಲ್ವೇನಯ್ಯಾ? ನಿನ್ನೆ ಸಂಜೆ ಪಿನ್ನು ಹಾಕಿದ್ದು ನೀನೇ. ಎಲ್ಲಿ ಪಿನ್ನು? ಮುರಿದು ಬಿದ್ದುಹೋಗಿದೆ" ಎಂದು ತಾತ ಕೂಗಾಡಿದರು.

"ಔದು ಸಾ. ನಾನೇ" ಎಂದರು ಪುಟ್ಟಮಾದಣ್ಣ.

ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಸೇವಂತಿಗೆ ಹಾರ ಗಾಡಿಯ ಮೂತಿಯಡಿ ಮಣ್ಣಲ್ಲಿ ಅರೆದುಹೋಗಿತ್ತು. ಅದನ್ನು ಕೊಂಡಿಗೆ ಕಟ್ಟಿದ್ದು ನಾನೇ ಎಂದು ನೆನಪಾಯಿತು.

ಪಿನ್ನಿನ ಜಾಗಕ್ಕೆ ಒಂದು ಬೋಲ್ಟು ಬಿಗಿದು ಮೆಲ್ಲಗೆ ಮನೆಗೆ ಬಂದೆವು. ಬಂದವಳೇ ಪೂಜೆಯ ತಟ್ಟೆ ನೋಡಿದೆ. ವೀಳ್ಯದೆಲೆಯ ಕೆಳಗೆ, ಕುಂಕುಮ ಮೆತ್ತಿಕೊಂಡು, ಪಿನ್ನು ಮಲಗಿತ್ತು. ಹಾರದ ದಾರ ಪೋಣಿಸಲು ಒಂದು ತೂತು ಬೇಕಿತ್ತು. ಅಲ್ಲಿದ್ದ ಕಬ್ಬಿಣದ ಕಡ್ಡಿಯನ್ನು ಎಳೆದು ತಟ್ಟೆಯಲ್ಲಿಟ್ಟು ದಾರ ಕಟ್ಟಿದ್ದೆ. ಮತ್ತೆ ಹಾಕುವುದು ಮರೆತಿದ್ದೆ. ಅದು ಏತಕ್ಕೆ ಇದೆ ಎಂದೂ ನನಗೆ ಗೊತ್ತಿರಲಿಲ್ಲ.

ಮೂರು ದಿನ ಅದು ನನ್ನ ಸೀರೆಯ ಗಂಟಿನಲ್ಲಿತ್ತು. ತಾತ ಗಾಡಿ ಮಾರಿಬಿಡುತ್ತೇನೆ, ಎಲ್ಲಿಗೂ ಹೋಗುವುದು ಬೇಡ ಎನ್ನುತ್ತಿದ್ದರು. ಒಂದು ಮನಸ್ಸು ಸುಮ್ಮನಿರು ಎಂದಿತು. ಸುಮ್ಮನಿದ್ದರೆ ಹಿಂದಿನಂತೆಯೇ ಅಡುಗೆಮನೆಯಲ್ಲಿ ಇದ್ದುಬಿಡಬಹುದು. ಮೂರನೆಯ ದಿನ ಊಟಕ್ಕೆ ಕೂತಾಗ ತಾತ ಹೇಳಿದರು: "ಮಾದಣ್ಣನ್ನ ನೋಡಿ ಊರೆಲ್ಲ ನಗ್ತಿದೆ. ಅಂಥದೇ ಪಿನ್ನು ಹಾಕಿದ್ದ ನಾಲ್ಕು ಕಬ್ಬಿನ ಟ್ರೈಲರನ್ನ ವಾಪಸ್ ಕರೆಸ್ಕೊಂಡು ಕೊಂಡಿ ಕತ್ತರಿಸ್ತಾ ಕೂತಿದಾನೆ. ತನ್ನ ಕೆಲಸ ತಪ್ಪು ಅಂತ ತಾನೇ ಸಾರ್ಕೊಂಡು ತಿರುಗ್ತಿದಾನೆ."

ಊಟ ಬಿಟ್ಟು ಎದ್ದೆ. ಮಧ್ಯಾಹ್ನ ಒಬ್ಬಳೇ ಶೆಡ್ಡಿಗೆ ನಡೆದೆ. ಗಂಡಸರಿರುವ ಜಾಗಕ್ಕೆ ನಾನು ಹಾಗೆ ಒಬ್ಬಳೇ ಹೋದದ್ದು ಅದೇ ಮೊದಲು. ಪುಟ್ಟಮಾದಣ್ಣ ಕಟಿಂಗ್ ಮಿಷನ್ ನಿಲ್ಲಿಸಿ ಎದ್ದು ನಿಂತರು. ಗಂಟು ಬಿಚ್ಚಿ ಪಿನ್ನು ಅವರ ಕೈಯಲ್ಲಿಟ್ಟೆ. "ಕೊನೇಲಿ ಕೈ ಇಟ್ಟೋಳು ನಾನು ಅಣ್ಣ" ಎಂದೆ. ಹಾರದ ವಿಷಯ ಹೇಳಿದೆ.

ಅವರು ಪಿನ್ನಿನ ಮೇಲಿನ ಕುಂಕುಮವನ್ನು ಹೆಬ್ಬೆರಳಿನಿಂದ ಒರೆಸಿದರು. "ಯಾವಾಗ ಸಿಕ್ತವ್ವ?"

"ಅವತ್ತೇ."

"ಮೂರ್ ದಿನದಿಂದ ನಂಗೆ ಅನ್ನ ಓಗಿಲ್ಲ ಕಣವ್ವ. ಆ ಮುದುಕಮ್ಮ ಕಣ್ಮುಂದೆ ಬಂದ್ಬತ್ತಾಳೆ."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಮುಖ ತಿರುಗಿಸಿ ಕತ್ತರಿಸಿ ಹಾಕಿದ್ದ ಕೊಂಡಿಗಳನ್ನೇ ನೋಡುತ್ತ ನಿಂತರು. ಆಮೇಲೆ ಶೆಡ್ಡಿನಲ್ಲಿದ್ದ ಒಂದು ಟ್ರೈಲರಿನ ಹತ್ತಿರ ನನ್ನನ್ನು ಕರೆದು, "ಕೊಂಡಿ ಆಕಿ" ಎಂದರು. ನಾನು ತಬ್ಬಿಬ್ಬಾದೆ. "ಇನ್ಮ್ಯಾಲೆ ಕೊಂಡಿ ನಿಮ್ದು. ಸಾಹೇಬ್ರುದಲ್ಲ. ಕೊಂಡಿ ಇಡಿ ಕೆಳಕ್ ಅದ್ಮಿ, ಪಿನ್ನು ಆಕಿ, ಕೈಲಿ ಎಳ್ದು ನೋಡಿ. ಆಮ್ಯಾಕೆ ಬಾಯಲ್ಲಿ ಯೋಳ್ಬೇಕು, ಆಕ್ದೆ ಅಂತ."

"ಹಾಕಿದೆ" ಎಂದೆ.

ಅವರು ಶೆಡ್ಡಿನ ಆ ಕೊನೆಗೆ ಹೋಗಿ ನಿಂತರು. "ಕೇಳ್ನಿಲ್ಲ."

"ಹಾಕಿದೆ."

"ಜೀಪಿನ ಇಂಜಿನ್ ಸದ್ದು ಇರ್ತದೆ ಕಣವ್ವ. ಇಂಗಂದ್ರೆ ಯಾರ್ಗೆ ಕೇಳ್ಸದು?"

ಹತ್ತು ಸಲ ಬಿಚ್ಚಿ ಹಾಕಿಸಿದರು. ಬೆರಳು ತರಚಿತು. ಹತ್ತನೆಯ ಸಲ ನಾನು ಕೂಗಿದ್ದು ರಸ್ತೆಗೂ ಕೇಳಿಸಿರಬೇಕು. "ಸಾಹೇಬ್ರಿಗೆ ನಾನ್ ಯೋಳಾಕಿಲ್ಲ. ಅದ್ನೂ ನೀವೇ ಯೋಳಿ" ಎಂದು ಮಿಷನ್ ಕಡೆ ಹೋದರು.

ಮನೆಗೆ ಬಂದು ತಾತನಿಗೆ ಹೇಳಿದೆ. ಅವರು ನನ್ನನ್ನು ನೋಡಿದರು, ಗೋಡೆ ನೋಡಿದರು, ಚಪ್ಪಲಿ ಮೆಟ್ಟಿ ಹೊರಟರು. ಶೆಡ್ಡಿನಲ್ಲಿ ಏನು ಮಾತಾಯಿತೋ ತಿಳಿಯದು. ತಪ್ಪಾಯಿತು ಎನ್ನುವ ಜಾತಿಯಲ್ಲ ನಿಮ್ಮ ತಾತ. ಆದರೆ ಮಾರನೆಯ ದಿನ ನಾಲ್ಕೂ ಕಬ್ಬಿನ ಗಾಡಿಯವರ ಮನೆಗೆ ತಾವೇ ಜೀಪಿನಲ್ಲಿ ಹೋಗಿ, ಪಿನ್ನು ಚೆನ್ನಾಗಿತ್ತು, ತಪ್ಪು ನಮ್ಮ ಮನೆಯದು ಎಂದು ಹೇಳಿ ಬಂದರು. ಕೊಂಡಿಗಳನ್ನು ಮತ್ತೆ ಬೆಸೆಯುವಾಗ ಹಿಡಿದುಕೊಳ್ಳುವುದಕ್ಕೂ ನಿಂತರಂತೆ.

ನಾವು ದೂರ ಹೊರಟ ದಿನ ಪುಟ್ಟಮಾದಣ್ಣ ಬಂದರು. ಗಾಡಿಯ ಅಡಿಗೆ ಇಳಿಯುತ್ತಾರೆಂದು ನಾನು ಗೋಣಿಚೀಲ ತಂದಿಟ್ಟೆ. ಅವರು ಬೇಡವೆಂದು ಕೈಯಾಡಿಸಿ, ಗೇಟಿನ ಬಳಿಯೇ ನಿಂತರು. ನಾನು ಕೊಂಡಿ ಹಾಕಿ, ಎಳೆದು ನೋಡಿ, ಕೂಗಿದೆ. ಅವರು ತಲೆಯಾಡಿಸಿದರು. ಅದೇ ಕೊನೆಯ ಭೇಟಿ.

ಎಂಟು ತಿಂಗಳು ತಿರುಗಿದೆವು. ಮರಳಿನ ನಾಡಿನಲ್ಲಿ, ಮಂಜಿನ ಬೆಟ್ಟದ ಬುಡದಲ್ಲಿ, ಮನುಷ್ಯರೇ ಇಲ್ಲದ ಹಾದಿಗಳಲ್ಲಿ ಮಲಗಿದೆವು. ನಾನು ಬೇಕಾದಷ್ಟು ನೀರು ಕುಡಿದೆ. ಪ್ರತಿ ಬೆಳಿಗ್ಗೆ ಗಾಡಿ ಹೊರಡುತ್ತಿದ್ದದ್ದು ನಾನು ಕೂಗಿದ ಮೇಲೆಯೇ.

ಊರಿಗೆ ಬಂದ ಮರುದಿನ ಶೆಡ್ಡಿಗೆ ಹೋದೆವು. ಬೀಗ ಹಾಕಿತ್ತು. ಮನೆಯಲ್ಲಿ ಅವರ ಹೆಂಡತಿ ಚಿಕ್ಕತಾಯಮ್ಮ ಇದ್ದರು. ಪುಟ್ಟಮಾದಣ್ಣ ಶ್ವಾಸಕೋಶ ಕೆಟ್ಟು ಮಲಗಿ, ತೀರಿಹೋಗಿ ಇಪ್ಪತ್ತು ದಿನವಾಗಿತ್ತು. "ಗಾಡಿ ಎಂಗಿತ್ತವ್ವಾ?" ಎಂದು ಆಕೆ ಕೇಳಿದರು. "ಮಲಗ್ದಲ್ಲೇ ದಿನಾ ಕೇಳೋರು, ಅವ್ವಾರು ಫೋನ್ ಮಾಡುದ್ರಾ ಅಂತ."

ಏನೂ ಕೆಡಲಿಲ್ಲ, ಅದಕ್ಕೇ ಫೋನ್ ಮಾಡಲಿಲ್ಲ ಎಂದೆ.

"ಅದ್ನೇ ಯೋಳ್ಬೋದಿತ್ತಲ್ಲವ್ವಾ" ಎಂದರು ಚಿಕ್ಕತಾಯಮ್ಮ.

ಹೌದು. ಹೇಳಬಹುದಿತ್ತು. ಕೆಟ್ಟಿದ್ದರೆ ಅವತ್ತೇ ಫೋನ್ ಮಾಡುತ್ತಿದ್ದೆವು. ಎಂಟು ತಿಂಗಳು ಒಂದು ಸ್ಕ್ರೂ ಸಹ ಸಡಿಲವಾಗಲಿಲ್ಲ ಎಂಬ ಮಾತನ್ನು ಕೇಳಬೇಕಾದವರು ಕೇಳದೆಯೇ ಹೋದರು. ಈಗ ತಾತನೂ ಇಲ್ಲ. ಹಾಗಾಗಿ ನಿಮಗೆ ಹೇಳುತ್ತಿದ್ದೇನೆ. ಈ ಹಾಳೆಗಳನ್ನು ಎಲ್ಲೋ ಎಸೆಯಬೇಡಿ ಮಕ್ಕಳೇ. ಗಾಡಿಯ ಕಾಗದಪತ್ರಗಳ ಜೊತೆಗೇ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಿ. ಮುಂದೆ ಯಾರಾದರೂ ಅದನ್ನು ಕೊಳ್ಳಲು ಬಂದರೆ, ಗಾಡಿ ತೋರಿಸುವ ಮೊದಲು ಇದನ್ನು ಓದಲು ಕೊಡಿ. ಓದಿದ ಮೇಲೆ ಮರೆಯದೆ ವಾಪಸ್ ಇಸಿದುಕೊಳ್ಳಿ.