ಸೋಮವಾರ ಎಡೆ ಹೊಡೆದವರು

ಶಿದ್ಲಿಂಗಪ್ಪ ಮಾಸ್ತರರಿಗೆ ಮಕ್ಕಳ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ, ನಂಬಿಕೆ ಇರಲಿಲ್ಲ. ಕುಂದಗೋಳದ ಕಡೆಯ ಹೈಸ್ಕೂಲೊಂದರಲ್ಲಿ ಹನ್ನೊಂದು ವರ್ಷದಿಂದ ಕೃಷಿ ಪಾಠ ಹೇಳುತ್ತಿದ್ದ ಅವರು, ಒಂಬತ್ತನೇ ತರಗತಿಯ ಪ್ರತಿಯೊಬ್ಬರಿಂದಲೂ ಅವರವರ ಹೊಲದಲ್ಲಿ ಒಂದು ಗುಂಟೆ ಹೆಸರುಕಾಳು ಬಿತ್ತಿಸುತ್ತಿದ್ದರು. ಬಿತ್ತಿದ್ದು, ಕಳೆ ತೆಗೆದದ್ದು, ಹುಳ ಕಂಡದ್ದು ಎಲ್ಲವನ್ನೂ ತಾರೀಕು ಹಾಕಿ ವಹಿಯಲ್ಲಿ ಬರೆಯಬೇಕು. ಆಮೇಲೆ ಶುರು ಇವರ ತನಿಖೆ. ಇಡೀ ವಹಿ ಒಂದೇ ಪೆನ್ನಿನಲ್ಲಿದ್ದರೂ ಅನುಮಾನ, ಮೂರು ಪೆನ್ನಿನಲ್ಲಿದ್ದರೂ ಅನುಮಾನ. ಹಾಳೆಗೆ ಮಣ್ಣು ಮೆತ್ತಿರದಿದ್ದರಂತೂ ಅದು ಮನೆಯಲ್ಲಿ ಕೂತು ಹೆಣೆದ ಕಥೆಯೇ ಸೈ. ಹೆಂಡತಿ ಚಹಾ ಕೊಟ್ಟರೂ ಸಕ್ಕರೆ ಹಾಕಿದ್ದು ಖರೇನಾ ಎಂದು ಎರಡು ಸಲ ಕೇಳುವ ಆಸಾಮಿ.

ಈ ಸಲ ಧಾರವಾಡದ ಪ್ರದರ್ಶನಕ್ಕೆ ಶಾಲೆಯಿಂದ ಒಂದೇ ವಹಿ ಹೋಗಬೇಕಿತ್ತು. ಯರಗುಪ್ಪಿಯ ಶಗುಫ್ತಾಳದೇ ಹೋಗಲಿ ಎಂದು ಉಳಿದ ಶಿಕ್ಷಕರೆಲ್ಲ ಅಂದರು. ಎಲ್ಲರೂ ಒಪ್ಪಿದರಲ್ಲ, ಅಷ್ಟಕ್ಕೇ ಮಾಸ್ತರರಿಗೆ ಸಂಶಯ ಹತ್ತಿತು. ಪುಟ ತಿರುವುತ್ತ ಜುಲೈ ತಿಂಗಳಿಗೆ ಬಂದು ಒಂದು ಸಾಲಿನ ಮೇಲೆ ಬೆರಳಿಟ್ಟರು. ‘ಸೋಮವಾರ. ಎಡೆ ಹೊಡೆದದ್ದು.’ ಅಂದರೆ ಬೆಳೆಯ ಸಾಲಿನ ನಡುವೆ ಕುಂಟೆ ಎಳೆದು ಕಳೆ ತೆಗೆದದ್ದು. ಎದುರಿಗೆ ‘ಎತ್ತು’ ಎಂಬ ಚೌಕದಲ್ಲಿ ಗುರುತು.

ಸಿಕ್ಕಳು ಕಳ್ಳಿ. ಸಾಲಿನ ನಡುವೆ ಕಳೆ ಎಷ್ಟೇ ಏಳಲಿ, ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವವರು ಈ ಸೀಮೆಯಲ್ಲಿ ಯಾರಿದ್ದಾರೆ? ಅದು ಬಸವಣ್ಣನ ವಾರ. ಹಿಂದೂಗಳದಾಗಲಿ ಮುಸಲ್ಮಾನರದಾಗಲಿ, ಅಂದು ಎತ್ತು ಗೋದಲಿ ಬಿಟ್ಟು ಕದಲುವುದಿಲ್ಲ. ಸುಳ್ಳು ಬರೆಯುವಾಗ ಹುಡುಗಿ ಅದು ಎಂಥ ವಾರ ಎಂಬುದನ್ನೇ ಮರೆತಿದ್ದಾಳೆ ಎಂದು ಮಾಸ್ತರರಿಗೆ ಒಳಗೊಳಗೇ ಖುಷಿಯೂ ಆಯಿತು.

ಸಂಜೆ ಬೈಕು ಹತ್ತಿ ಸೀದಾ ಅವಳ ಹೊಲಕ್ಕೇ ಹೋದರು. ಶಗುಫ್ತಾಳೂ ಅವಳ ತಾಯಿ ಜಮಾಲಬಿಯೂ ಹೆಸರುಕಾಯಿ ಬಿಡಿಸುತ್ತಿದ್ದರು.

“ನಿಮ್ಮ ಮನ್ಯಾಗಂತೂ ಎತ್ತಿಲ್ಲ. ಸೋಮವಾರ ನಿಮಗ ಎತ್ತು ಕೊಟ್ಟವರು ಯಾರು? ಹೆಸರು ಹೇಳು, ಈಗ ಹೋಗಿ ಕೇಳ್ತೇನಿ,” ಎಂದರು ಮಾಸ್ತರರು. “ಸುಳ್ಳಾಗಿದ್ರ ಈ ವಹಿ ಧಾರವಾಡ ಮುಟ್ಟೂದಿಲ್ಲ, ತಿಳೀತಿಲ್ಲೋ?”

ಹುಡುಗಿ ತಾಯಿಯ ಮುಖ ನೋಡಿದಳು.

“ಯಾರೂ ಕೊಡ್ಲಿಲ್ರಿ,” ಎಂದಳು ಜಮಾಲಬಿ. “ಸೋಮವಾರ ಕೇಳೂದ ತಪ್ಪು. ಅತ್ಲಾಗ ಮುಗಲು ಕಪ್ಪಾಗಿತ್ತು. ಮಳಿ ಹಿಡಿದ್ರ ಕಳೇದಾಗ ಬೆಳಿ ಮುಚ್ಚಿಹೋಗ್ತಿತ್ರಿ. ಹಗ್ಗ ನಾ ಹೆಗಲಿಗೆ ಹಾಕ್ಕೊಂಡು ಜಗ್ಗಿದೆ, ಈಕಿ ಕುಂಟಿ ಹಿಡಿದ್ಲು. ಸೂಟಿ ಎತ್ತಿಗೆ ಐತ್ರಿ ಸರ, ನಮಗೆಲ್ಲೀದು?”

ಮಾಸ್ತರರ ಮುಖ ಸಣ್ಣದಾಯಿತು. ಆದರೂ ಹುಟ್ಟುಗುಣ ಬಿಡಬೇಕಲ್ಲ.

“ಹಂಗಾರ ‘ಎತ್ತು’ ಅಂತ ಯಾಕ ಗುರುತು ಮಾಡಿದಿ? ಅದು ಸುಳ್ಳಲ್ಲೇನು?”

ಶಗುಫ್ತಾ ಓಢಣಿಗೆ ಕೈ ಒರೆಸಿಕೊಂಡು ಬಂದು ಆ ಪುಟ ತೋರಿಸಿದಳು.

“ಇದ್ರಾಗ ಎರಡ ಚೌಕ ಅದಾವ್ರಿ ಸರ. ಎತ್ತು, ಇಲ್ಲಾ ಟ್ರ್ಯಾಕ್ಟರ್. ಅಮ್ಮೀನ ಎಲ್ಲಿ ಬರೀಬೇಕಿತ್ರಿ?”

ಆ ಚೌಕಗಳಿಗೆ ಗೀಟು ಎಳೆದು ಹಂಚಿದವರು ಮಾಸ್ತರರೇ. ಹನ್ನೊಂದು ವರ್ಷ ಅದೇ ಹಾಳೆ. ಅವರು ಬದುವಿನ ಮೇಲೆ ಕುಕ್ಕರಿಸಿ ಕೂತು, ಕಿಸೆಯಿಂದ ಪೆನ್ನು ತೆಗೆದು ‘ಎತ್ತು’ ಎಂಬುದನ್ನು ಹೊಡೆದುಹಾಕಿದರು. ಬಾಜುವಿಗೆ ‘ಜಮಾಲಬಿ’ ಎಂದು ಬರೆದು ಸಹಿ ಹಾಕಿದರು. ವಹಿ ಹಾಗೆಯೇ ಧಾರವಾಡಕ್ಕೆ ಹೋಯಿತು.