ಅಂಗೈ ಕೆಳಗಿನ ಅಂಗೈ

ರಾಜಾಜಿನಗರದ ರಾಮಮಂದಿರದ ಹಿಂದಿನ ಬೀದಿಯಲ್ಲಿ ಪಂಚಾಕ್ಷರಿಯ ಬಟ್ಟೆ ಅಂಗಡಿ ಇತ್ತು. ಅಂಗಡಿ ಅಂದರೆ ಅಂಥ ದೊಡ್ಡದೇನಲ್ಲ. ಮೂರು ಜನ ಹೆಂಗಸರು ಒಟ್ಟಿಗೆ ಬಂದರೆ ನಾಲ್ಕನೆಯವಳು ಮೆಟ್ಟಿಲ ಮೇಲೆ ನಿಲ್ಲಬೇಕು. ಆದರೂ ಒಂದು ರವಿಕೆ ಕಣಕ್ಕೆ ಕುರುಬರಹಳ್ಳಿಯಿಂದ ಬಿಸಿಲಲ್ಲಿ ನಡೆದು ಇಲ್ಲಿಗೇ ಬರುತ್ತಿದ್ದರು. ಬಟ್ಟೆ ಎಲ್ಲಿ ಬೇಕಾದರೂ ಸಿಗುತ್ತದೆ, ಅವರು ಬರುತ್ತಿದ್ದದ್ದು ಪಂಚಾಕ್ಷರಿಯ ಮಾತಿಗೆ. ಹಸಿರು ಕಣ ಬಿಡಿಸಿ ಹಿಡಿದು, ಇದನ್ನು ಹೊಲಿಸಿಕೊಂಡರೆ ನಿಮ್ಮತ್ತೆ ಎರಡು ದಿನ ಮಾತು ಬಿಡುತ್ತಾರೆ, ಯೋಚನೆ ಮಾಡಿ ತಗೊಳ್ಳಿ ಎನ್ನುತ್ತಿದ್ದ. ಅವರು ನಗುನಗುತ್ತ ತಗೊಳ್ಳುತ್ತಿದ್ದರು. ಒಂದು ಕೈಯಲ್ಲಿ ಸಿಗರೇಟು, ಇನ್ನೊಂದು ಕೈಯಲ್ಲಿ ಬಟ್ಟೆ, ಬಾಯಿಗೆ ಮಾತ್ರ ಬಿಡುವೇ ಇಲ್ಲ.

ದಾವಣಗೆರೆ ಕಡೆಯವನು. ಅಪ್ಪ ತೀರಿಹೋದ ಮೇಲೆ ಚಿಕ್ಕಪೇಟೆಯ ಸಗಟು ಅಂಗಡಿಯಲ್ಲಿ ಗಂಟು ಹೊರಲು ಬಂದವನು, ಅಲ್ಲೇ ಅಳತೆ ಕಲಿತು, ಮಾತು ಕಲಿತು, ಕೊನೆಗೆ ತನ್ನದೇ ಹೆಸರಿನ ಹಲಗೆ ಹಾಕಿಕೊಂಡ. ಹೆಂಡತಿ ಜಗದಾಂಬಾ ಅವನಿಗೆ ತೀರಾ ವಿರುದ್ಧ, ನಾಲ್ಕು ಮಾತಿಗೆ ಒಂದು ಮಾತು. ಮಕ್ಕಳಾಗಲಿಲ್ಲ. ಜಗಳಕ್ಕೂ ಅವರಿಬ್ಬರೇ, ರಾಜಿಗೂ ಅವರಿಬ್ಬರೇ. ಅಂಗಡಿ ಮುಚ್ಚಿ ಬಂದವನು ದಿನವೆಲ್ಲ ಬಂದುಹೋದ ಗಿರಾಕಿಗಳನ್ನು ಒಬ್ಬೊಬ್ಬರನ್ನಾಗಿ ಅಡುಗೆಮನೆ ಬಾಗಿಲಲ್ಲಿ ನಿಂತು ಆಡಿ ತೋರಿಸುತ್ತಿದ್ದ. ಅವಳು ರೊಟ್ಟಿ ತಟ್ಟುತ್ತ, ಮುಖ ತಿರುಗಿಸಿಕೊಂಡು ನಗುತ್ತಿದ್ದಳು. ಅವಳ ಮನೆ ತುಂಬಿದ್ದೇ ಆ ಮಾತಿನಿಂದ.

ಎಪ್ಪತ್ತಾರನೇ ಇಸವಿಯ ಯುಗಾದಿ ಕಳೆದ ಮೇಲೆ ಕೆಮ್ಮು ಹಿಡಿಯಿತು. ಸಿಗರೇಟಿನ ಕೆಮ್ಮು ಎಂದು ಇಬ್ಬರೂ ತಳ್ಳಿಹಾಕಿದರು. ಕಫದಲ್ಲಿ ರಕ್ತ ಕಂಡಾಗ ದೊಡ್ಡಾಸ್ಪತ್ರೆಗೆ ಹೋದರು. ಅಲ್ಲಿ ಶ್ಯಾಮಸುಂದರ ಎಂಬ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, ಪಂಚಾಕ್ಷರಿಯನ್ನು ಹೊರಗೆ ಕೂರಿಸಿ ಜಗದಾಂಬಾಳಿಗೆ ಹೇಳಿದರು. ಶ್ವಾಸಕೋಶದ ಕ್ಯಾನ್ಸರು, ಮೂಳೆಗೂ ಹೋಗಿದೆ, ಕತ್ತರಿಸಿ ತೆಗೆಯುವ ಹಂತ ದಾಟಿದೆ. ಕೆಲವು ತಿಂಗಳು, ಅಷ್ಟೇ.

ಬೇರೆಯವರಾಗಿದ್ದರೆ ನೂರು ಕೇಳುತ್ತಿದ್ದರು. ಅವಳು ಕೇಳಿದ್ದು ಒಂದೇ.

"ಕೊನೇವರೆಗೂ ಮಾತಾಡ್ತಾರಾ ಸಾರ್?"

ದಮ್ಮು ಕಮ್ಮಿಯಾಗುತ್ತದೆ, ಆದರೆ ಬುದ್ಧಿ, ಮಾತು ಇರುತ್ತದೆ ಎಂದು ಡಾಕ್ಟರು ಧೈರ್ಯ ಹೇಳಿದರು. ಈ ಕಾಯಿಲೆಯಲ್ಲಿ ಬರೀ ಕೆಮ್ಮೇ ಅಲ್ಲ, ಏನೇ ಹೊಸ ತೊಂದರೆ ಕಂಡರೂ, ಎಷ್ಟೇ ಸಣ್ಣದಿರಲಿ, ತಮಗೆ ತಿಳಿಸಬೇಕು ಎಂದೂ ಹೇಳಿದರು. ಅವಳು ಮೊದಲನೇ ಮಾತನ್ನು ಗಂಟು ಹಾಕಿಕೊಂಡಳು. ಎರಡನೆಯದು ಒಂದು ಕಿವಿಯಲ್ಲಿ ಬಂದು ಇನ್ನೊಂದು ಕಿವಿಯಲ್ಲಿ ಹೋಯಿತು. ಮಾತಿದ್ದರೆ ಸಾಕು, ಮಿಕ್ಕಿದ್ದು ಹೇಗೋ ತಡೆದುಕೊಳ್ಳುತ್ತೇನೆ ಎಂದುಕೊಂಡೇ ಬಸ್ಸು ಹತ್ತಿದಳು.

ಅವಳ ಮುಖ ನೋಡಿಯೇ ಪಂಚಾಕ್ಷರಿಗೆ ಎಲ್ಲ ತಿಳಿದುಹೋಯಿತು. ಆದರೂ ಅಂಗಡಿ ಬಿಡಲಿಲ್ಲ, ಬೆಳಗಿನ ಪೂಜೆಯನ್ನೂ ಬಿಡಲಿಲ್ಲ. ಸ್ನಾನ ಮಾಡಿ, ಕೊರಳ ಕರಡಿಗೆಯಿಂದ ಇಷ್ಟಲಿಂಗ ತೆಗೆದು, ಎಡ ಅಂಗೈಯಲ್ಲಿ ಇಟ್ಟುಕೊಂಡು, ಬಲಗೈಯಿಂದ ನೀರೆರೆದು ವಿಭೂತಿ ಹಚ್ಚಿ ಪತ್ರೆ ಏರಿಸುವುದು ಹುಡುಗನಾಗಿದ್ದಾಗಿನಿಂದ ಬಂದ ರೂಢಿ. ಅವನು ದಿನದಲ್ಲಿ ಸುಮ್ಮನಿರುತ್ತಿದ್ದದ್ದು ಆ ಒಂದು ಹೊತ್ತು ಮಾತ್ರ.

ಆಷಾಢದ ಒಂದು ಬೆಳಿಗ್ಗೆ ಆ ಎಡಗೈ ಬೆರಳುಗಳು ತಾವಾಗಿಯೇ ಬಿಚ್ಚಿಕೊಂಡವು. ಲಿಂಗ ಜಾರಿ ನೆಲಕ್ಕೆ ಬಿತ್ತು.

ಪತ್ರೆ ತಟ್ಟೆ ಹಿಡಿದು ಬಂದ ಜಗದಾಂಬಾ ಬಾಗಿಲಲ್ಲೇ ನಿಂತಳು. ಹುಟ್ಟಿದಾಗ ಕಟ್ಟಿದ ಲಿಂಗ ಮೈಬಿಟ್ಟು ನೆಲ ಮುಟ್ಟುವುದೆಂದರೆ ಅವರ ಮನೆತನಗಳಲ್ಲಿ ಸಣ್ಣ ಮಾತಲ್ಲ. ಲಿಂಗ ಬಿದ್ದವನು ಬದುಕಿದ್ದೂ ಇಲ್ಲದ ಹಾಗೆ ಎಂದು ಅಜ್ಜಿಯರು ಹೆದರಿಸಿ ಬೆಳೆಸಿದ್ದರು. ಇಬ್ಬರೂ ನೆಲದ ಮೇಲಿದ್ದ ಲಿಂಗವನ್ನೇ ನೋಡಿದರು. ಬಿಟ್ಟುಕೊಟ್ಟ ಕೈಯನ್ನು ಇಬ್ಬರೂ ನೋಡಲಿಲ್ಲ. ಈ ಕಥೆ ಹೇಳುವ ನನಗೆ ಸಿಟ್ಟು ಬರುವುದು ಇಲ್ಲೇ. ಆ ಅಜ್ಜಿಯರು ಯಾವತ್ತೋ ಮಣ್ಣು ಸೇರಿದ್ದರು, ಅವರ ಹೆದರಿಕೆ ಮಾತ್ರ ರಾಜಾಜಿನಗರದ ಬಾಡಿಗೆ ಮನೆಯಲ್ಲಿ ಗಟ್ಟಿಮುಟ್ಟಾಗಿ ಕೂತಿತ್ತು.

ಲಿಂಗ ತೊಳೆದು ಮತ್ತೆ ಕಟ್ಟಿಕೊಂಡ. ಮಧ್ಯಾಹ್ನದ ಹೊತ್ತಿಗೆ ಕೈ ಸರಿಹೋಗಿ, ಅಂಗಡಿಯಲ್ಲಿ ಎಂದಿನಂತೆ ಬಟ್ಟೆ ಹರಿದುಕೊಟ್ಟ. ಶಿವ ಹೊಟ್ಟೆಗೆ ಹಾಕಿಕೊಂಡ ಎಂದು ಜಗದಾಂಬಾ ತುಪ್ಪದ ದೀಪ ಹಚ್ಚಿದಳು. ಕೆಲವು ದಿನ ಬಿಟ್ಟು ಕೈ ಮತ್ತೆ ಸಡಿಲವಾಯಿತು. ಈ ಸಲ ಪೂರ್ತಿ ಸರಿಹೋಗಲಿಲ್ಲ. ಪಂಚಾಕ್ಷರಿ ಬಾಗಿಲು ಹಾಕಿ ಬಂದು ಅವಳೆದುರು ಕೂತ.

"ಯಾರಿಗೂ ಹೇಳ್ಬೇಡ ಕಣೇ. ಸಾಯೋ ಹೊತ್ತಲ್ಲಿ ಲಿಂಗ ಬಿಟ್ಟವನು ಅನ್ನಿಸ್ಕೊಂಡು ಹೋಗೋಕೆ ನನ್ನ ಕೈಲಾಗಲ್ಲ."

ಅವಳು ಹೇಳಲಿಲ್ಲ. ಬದಲಿಗೆ ಒಂದು ಉಪಾಯ ಮಾಡಿದಳು. ಪೂಜೆಗೆ ಅವನೆದುರು ಕೂತು, ಅವನ ಎಡ ಅಂಗೈಯ ಕೆಳಗೆ ತನ್ನ ಅಂಗೈ ಕೊಟ್ಟು ಎತ್ತಿ ಹಿಡಿದಳು, ಬಾಗುವ ಬೆರಳುಗಳನ್ನು ತನ್ನ ಬೆರಳಿಂದ ಕೂಡಿಸಿದಳು. ಮೊದಲ ದಿನ ಅವನು ಕಣ್ಣು ಮುಚ್ಚಿಯೇ ಇದ್ದ. ಎರಡನೇ ದಿನ ಪತ್ರೆ ಏರಿಸಿ, ನಮ್ಮ ಮದುವೆಯಲ್ಲೂ ನೀನು ಇಷ್ಟು ಹೊತ್ತು ಕೈ ಹಿಡಿದಿರಲಿಲ್ಲ ಎಂದು ಛೇಡಿಸಿದ. ಆ ವಯಸ್ಸಿನಲ್ಲಿ ಅವಳಿಗೆ ನಾಚಿಕೆಯಾಯಿತು. ಹೇಳಬೇಕೆಂದರೆ, ಅವರ ಸಂಸಾರದಲ್ಲಿ ಅಂಥ ಸುಖದ ಬೆಳಗುಗಳು ಹಿಂದೆ ಬಂದಿರಲಿಲ್ಲ. ಕೆಮ್ಮಿನ ನಡುವೆ ಅವನು ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಕಥೆ ಹೇಳುತ್ತಿದ್ದ. ಅವಳು ಕೈ ನೋಯುತ್ತಿದ್ದರೂ ಕೇಳುತ್ತ ಕೂತಿರುತ್ತಿದ್ದಳು. ಇಷ್ಟು ಸಿಕ್ಕಿತಲ್ಲ ಎಂದು ಒಳಗೊಳಗೇ ಹಿಗ್ಗುತ್ತಿದ್ದಳು.

ಆಸ್ಪತ್ರೆಗೆ ತೋರಿಸಲು ಹೋದಾಗ ಶ್ಯಾಮಸುಂದರ ಡಾಕ್ಟರು ಎಂದಿನಂತೆ, ಬೇರೆ ಏನಾದರೂ ಹೊಸದಾಗಿ ತೊಂದರೆ ಇದೆಯಾ ಎಂದು ಕೇಳಿದರು. ಪಂಚಾಕ್ಷರಿ ಎಡಗೈಯನ್ನು ಪಂಚೆಯ ಮಡಿಕೆಯಲ್ಲಿ ಇಟ್ಟುಕೊಂಡು ಹೆಂಡತಿಯ ಮುಖ ನೋಡಿದ. ಏನೂ ಇಲ್ಲ ಸಾರ್, ಚೆನ್ನಾಗಿದ್ದಾರೆ ಎಂದಳು ಜಗದಾಂಬಾ. ಹೊರಗೆ ಬಂದ ಮೇಲೆ ಅವನು ಅವಳಿಗೆ ಹೋಟೆಲಿನಲ್ಲಿ ಮಸಾಲೆ ದೋಸೆ ಕೊಡಿಸಿದ. ಕದ್ದು ತಪ್ಪಿಸಿಕೊಂಡ ಮಕ್ಕಳ ಹಾಗೆ ಇಬ್ಬರೂ ನಕ್ಕರು.

ಶ್ರಾವಣದ ಒಂದು ಸೋಮವಾರ ಅವನು ಕಾಫಿ ಲೋಟ ಹಿಡಿದು, ಮಲ್ಲತ್ತಹಳ್ಳಿಯಿಂದ ಮದುವೆ ಬಟ್ಟೆಗೆ ಬರುವ ಒಬ್ಬ ಗೌಡರ ಗತ್ತನ್ನು ಆಡಿ ತೋರಿಸುತ್ತಿದ್ದ. ಮಾತು ಅರ್ಧಕ್ಕೆ ನಿಂತಿತು. ಲೋಟ ಬಲಗೈಯಿಂದ ಜಾರಿತು, ಬಾಯಿ ಒಂದು ಮಗ್ಗುಲಿಗೆ ಇಳಿಯಿತು. ಏನೋ ಹೇಳಲು ಹೊರಟ, ಹೊರಬಂದದ್ದು ಬರೀ ಸದ್ದು. ಅಕ್ಕಪಕ್ಕದವರು ಆಟೋದಲ್ಲಿ ಹಾಕಿಕೊಂಡು ಹೋದರು.

ಡಾಕ್ಟರು ಪರೀಕ್ಷೆ ಮಾಡಿದರು. ಆಮೇಲೆ ಅವಳನ್ನು ಕೂರಿಸಿ ಬಿಡಿಸಿ ಹೇಳಿದರು. ಶ್ವಾಸಕೋಶದ ಕ್ಯಾನ್ಸರು ಇಷ್ಟು ಬಲಿತವರಲ್ಲಿ ಕೆಲವರಿಗೆ ರಕ್ತ ಒಳಗೇ ಹೆಪ್ಪುಗಟ್ಟುತ್ತದೆ. ಆ ಚೂರು ಮಿದುಳಿನ ನಾಳಕ್ಕೆ ಹೋಗಿ ಸಿಕ್ಕಿಕೊಂಡರೆ ಲಕ್ವ ಹೊಡೆಯುತ್ತದೆ. ಈಗ ಮಾತಿನ ಜಾಗಕ್ಕೇ ಹೊಡೆದಿದೆ. ಹೀಗೆ ದೊಡ್ಡದಾಗಿ ಬರುವ ಮೊದಲು ಒಮ್ಮೊಮ್ಮೆ ಸೂಚನೆ ಸಿಗುವುದುಂಟು, ಯಾವುದಾದರೂ ಒಂದು ಕೈ ಸೋಲುವುದು, ನಾಲಿಗೆ ತೊದಲುವುದು. ಅಂಥದ್ದೇನಾದರೂ ಆಗಿತ್ತಾ?

ಅವಳು ತಲೆ ಅಲ್ಲಾಡಿಸಿದಳು, ಇಲ್ಲ ಎಂದು. ಗಂಡನ ಮಾತು ಅಷ್ಟು ಗಟ್ಟಿಯಾಗಿತ್ತು.

ಮಾರನೆಯ ದಿನ ಅವರ ಮಠದ ಅಯ್ಯನವರು, ಗುರುಸಿದ್ದಯ್ಯ, ರೋಗಿಗೆ ವಿಭೂತಿ ಹಚ್ಚಲು ಆಸ್ಪತ್ರೆಗೆ ಬಂದರು. ವರಾಂಡದ ಕಂಬದ ಹಿಂದೆ ಜಗದಾಂಬಾ ಅವರ ಕಾಲು ಹಿಡಿದು ಎಲ್ಲವನ್ನೂ ಒದರಿಬಿಟ್ಟಳು. ಲಿಂಗ ಬಿದ್ದ ದೋಷಕ್ಕೆ ಹೀಗಾಯಿತೇ, ಏನು ಪ್ರಾಯಶ್ಚಿತ್ತ ಮಾಡಲಿ ಎಂದು ಕೇಳಿದಳು. ಅವರು ಅವಳಿಗೆ ಎದ್ದು ಕೂರಲು ಹೇಳಿದರು.

"ಕೈ ಸೋತಿತ್ತು, ಲಿಂಗ ಜಾರ್ತು. ತೊಳೆದು ಕಟ್ಕೊಂಡ್ರೆ ಮುಗೀತಲ್ಲ ತಾಯಿ. ಇಷ್ಟಕ್ಕೆ ಹೆದರಿ ಡಾಕ್ಟ್ರ ಹತ್ರ ಮುಚ್ಚಿಟ್ರಾ?"

ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ. ಅವರು ಮರುಗಿದರು. ಅಲ್ಲಿಂದ ಎದ್ದವಳೇ ಡಾಕ್ಟರ ಕೋಣೆಗೆ ಹೋಗಿ ನಿಜ ಹೇಳಿದಳು. ಅವರು ಪೆನ್ನು ಕೆಳಗಿಟ್ಟರು. ಮೊದಲೇ ತಿಳಿದಿದ್ದರೆ ರಕ್ತ ತಿಳಿಮಾಡುವ ಇಂಜೆಕ್ಷನ್ನು ಕೊಟ್ಟು ನೋಡಬಹುದಿತ್ತು ಎಂದರು. ಆದರೆ ಕಫದಲ್ಲಿ ರಕ್ತ ಬೀಳುವವರಿಗೆ ಅದೂ ಅಪಾಯವೇ, ಕೊಟ್ಟಿದ್ದರೆ ಮಾತು ಉಳಿಯುತ್ತಿತ್ತು ಎಂದು ಖಂಡಿತವಾಗಿ ಹೇಳಲಾರೆ ಎಂದರು. ಆ 'ಹೇಳಲಾರೆ' ಅವಳನ್ನು ಉಳಿಸಲೂ ಇಲ್ಲ, ಮುಳುಗಿಸಲೂ ಇಲ್ಲ.

ಮನೆಗೆ ಕರೆತಂದರು. ಕಾಲುಕೈ ಆಡದ, ಮಾತಿಲ್ಲದ ಗಂಡನಿಗೆ ಅವಳು ಗಂಜಿ ಕುಡಿಸಿದಳು, ಮೈ ಒರೆಸಿದಳು, ಹೊರಳಿಸಿ ಮಲಗಿಸಿದಳು. ನಾಲ್ಕು ಮಾತಿಗೆ ಒಂದು ಮಾತಿನವಳು ಈಗ ದಿನವಿಡೀ ಒಬ್ಬಳೇ ಆಡುತ್ತಿದ್ದಳು. ಬೀದಿಯಲ್ಲಿ ಯಾರು ಹೋದರು, ತರಕಾರಿಯವಳು ಏನಂದಳು, ಎಲ್ಲ. ಅವನ ಕಣ್ಣು ಅವಳ ಹಿಂದೆಯೇ ತಿರುಗುತ್ತಿತ್ತು. ಎಷ್ಟು ತಿಳಿಯುತ್ತಿತ್ತೋ.

ಒಂದು ಮಧ್ಯಾಹ್ನ ಅವಳು ಅವನ ಎದೆಯ ಪಕ್ಕಕ್ಕೆ ತಲೆ ತಂದು ಕೇಳಿದಳು.

"ನಿಮ್ಮ ಮಾತು ಮೀರಿ ಡಾಕ್ಟ್ರಿಗೆ ಹೇಳಬೇಕಾಗಿತ್ತೇನ್ರೀ? ನನ್ನ ಮೇಲೆ ಕೋಪಾನಾ?"

ಅವನ ಮುಖ ಮುದುಡಿತು. ಕಣ್ಣಿಂದ ನೀರು ಇಳಿಯತೊಡಗಿ ದಿಂಬಿನವರೆಗೂ ಹರಿಯಿತು. ಅವಳಿಗೆ ಒಂದು ಕ್ಷಣ ಜೀವ ಬಂದಂತಾಯಿತು, ಅವನಿಗೆ ಕೇಳಿಸಿತು ಎಂದು. ಆಮೇಲೆ ನೆನಪಾಯಿತು. ಲಕ್ವ ಹೊಡೆದವರು ಸುಮ್ಮಸುಮ್ಮನೆ ಅಳುತ್ತಾರೆ, ನಗುತ್ತಾರೆ, ಅದು ಕಾಯಿಲೆಯದು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಆಸ್ಪತ್ರೆಯಿಂದ ಕಳಿಸುವಾಗ ನರ್ಸಮ್ಮ ಹೇಳಿದ್ದರು. ಬೆಳಿಗ್ಗೆ ಕಿಟಕಿಗೆ ಬಂದ ಕಾಗೆ ನೋಡಿಯೂ ಅವನು ಹೀಗೇ ಅತ್ತಿದ್ದ.

ಅವಳು ಸೆರಗಿನಿಂದ ಒರೆಸಿದಳು. ಒರೆಸಿದಷ್ಟೂ ಬರುತ್ತಿತ್ತು. ಮತ್ತೆ ಕೇಳಿದಳು, ಮಾರನೆಯ ದಿನವೂ ಕೇಳಿದಳು, ಗೌರಿ ಹಬ್ಬದ ಹೊತ್ತಿಗೆ ಉಸಿರು ನಿಲ್ಲುವವರೆಗೂ ಕೇಳುತ್ತಲೇ ಇದ್ದಳು. ಜೀವಮಾನವೆಲ್ಲ ಬಾಯಿಗೆ ಬಿಡುವು ಕೊಡದ ಮನುಷ್ಯ, ಅವಳಿಗೆ ಬೇಕಾಗಿದ್ದ ಒಂದೇ ಒಂದು ಮಾತು ಆಡದೆ ಹೋದ.